ಮನೆಯ ದೀಪವನ್ನು ಬದಲಿಸುವ ವಿಷಯವಾದ ಪಾಠ

ಹಗರಿ ಎಂದು ನಾವು ಕರೆಯುವ ವೇದಾವತಿಯ ದಡದ ರಾರಾವಿಯಲ್ಲಿಯೂ ಸಿರುಗುಪ್ಪ ತಾಲೂಕಿನ ಬೇರೆ ಹಳ್ಳಿಗಳಲ್ಲಿಯೂ ಎಲ್‌ಇಡಿ ಬಲ್ಬು ಈಗ ಹೊಸ ಪದಾರ್ಥವಲ್ಲ. ಆದರೂ ಅಡಿಗೆಮನೆಯಲ್ಲಾಗಲಿ ದನದ ಕೊಟ್ಟಿಗೆಯಲ್ಲಾಗಲಿ ಹಳೆಯ ಬುರುಡೆ ಬಲ್ಬು ಉರಿಯುವ ಮನೆಗಳು ಇನ್ನೂ ಉಂಟು. ಬದಲಿಸಿರೆಂದು ಹೇಳಿದರೆ, “ಕರೆಂಟಿನ ಬಿಲ್ಲು ಸೊನ್ನೆ ಬರುವಾಗ ಹೊಸ ಬಲ್ಬಿಗೆ ಯಾಕೆ ಹಣ ಹಾಕಬೇಕು?” ಎಂದು ಕೇಳುವವರಿದ್ದಾರೆ. ಇದು ತಕ್ಕ ಪ್ರಶ್ನೆಯೇ. ಆದಕಾರಣ ಅದಕ್ಕೆ ಉತ್ತರವೇನೆಂಬದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

1. ಎರಡು ದೀಪಗಳಿಗಿರುವ ಭೇದ

ಬುರುಡೆ ಬಲ್ಬಿನೊಳಗೆ ಕೂದಲಿನಂಥ ತಂತಿಯೊಂದು ಕಾದು ಬೆಳಗುವದು. ಅದು ಹೀರುವ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ ಬೆಳಕಾಗಿ, ಮಿಕ್ಕದ್ದೆಲ್ಲಾ ಶಾಖವಾಗಿ ಹೋಗುವದು. ಎಲ್‌ಇಡಿಯಲ್ಲಿ ಕಾಯತಕ್ಕ ತಂತಿಯೇ ಇಲ್ಲ. ಅದರಲ್ಲಿರುವ ಅರೆವಾಹಕದ ಚಿಕ್ಕ ಬಿಲ್ಲೆಗಳು ವಿದ್ಯುತ್ತು ಹಾಯುವಾಗ ನೀಲಿ ಬೆಳಕನ್ನು ಕೊಡುವವು. ಅವುಗಳ ಮೇಲಣ ಹಳದಿ ಲೇಪವು ಅದನ್ನು ಬಿಳುಪಾಗಿ ಮಾಡುವದು. ಈ ನೀಲಿ ಬೆಳಕನ್ನು ಸಾಧಿಸಿದ್ದಕ್ಕಾಗಿ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರು ವಿದ್ವಾಂಸರಿಗೆ 2014ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. 60 ವ್ಯಾಟಿನ ಬುರುಡೆ ಬಲ್ಬು ಕೊಡುವಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುವದು. ಹಳೆಯದು ಸುಮಾರು 1,000 ಗಂಟೆ ಉರಿದು ಸುಟ್ಟುಹೋದರೆ, ಒಳ್ಳೆಯ ಎಲ್‌ಇಡಿ 15,000 ಗಂಟೆಯಾದರೂ ಬಾಳುವದು.

ಕ್ರಯವೂ ಬಹಳ ಇಳಿದಿದೆ. ಸರಕಾರದ ಸಂಸ್ಥೆಯು ಸಗಟಾಗಿ ಕೊಂಡ ಬಲ್ಬಿನ ಬೆಲೆಯು 2014ರಲ್ಲಿ 310 ರೂಪಾಯಿ ಇದ್ದದ್ದು 2016ರಲ್ಲಿ 38 ರೂಪಾಯಿಗೆ ಬಂತು. ನಮ್ಮ ರಾಜ್ಯದಲ್ಲಿ 2015ರಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯ ಮೂಲಕ ಅನೇಕ ಮನೆಗಳಿಗೆ ಈ ಬಲ್ಬು ಮೊದಲು ಬಂತು.

2. ಲೆಕ್ಕ

60 ವ್ಯಾಟಿನ ಎರಡು ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 18 ಯೂನಿಟ್ಟು ಖರ್ಚಾಗುವದು. ಅವುಗಳ ಸ್ಥಳದಲ್ಲಿ 9 ವ್ಯಾಟಿನ ಎರಡು ಎಲ್‌ಇಡಿಗಳನ್ನು ಹಾಕಿದರೆ ಮೂರು ಯೂನಿಟ್ಟಿಗಿಂತಲೂ ಕಡಿಮೆ. ಉಳಿಯುವದು 15 ಯೂನಿಟ್ಟು.

3. ಬಿಲ್ಲು ಸೊನ್ನೆಯಾದರೆ ಉಳಿತಾಯವು ಯಾಕೆ?

2023ರ ಜುಲೈಯಿಂದ ನಡೆಯುವ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ಟು ಬಿಟ್ಟಿ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆಯಾ ಮನೆಯ ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಕೂಡಿಸಿ ಒಂದು ಮಿತಿಯನ್ನು ಗೊತ್ತುಮಾಡಿರುವರು. ಆ ಮಿತಿಯನ್ನು ದಾಟಿದ ಯೂನಿಟ್ಟುಗಳಿಗೆ ಹಣ ತೆರಬೇಕು. 200ನ್ನೇ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಹೀಗಿರುವಲ್ಲಿ, ಚಿಕ್ಕ ಮಿತಿಯುಳ್ಳ ಬಡವನ ಮನೆಗೆ 15 ಯೂನಿಟ್ಟು ಅಲ್ಪವೋ? 75 ವ್ಯಾಟಿನ ಫ್ಯಾನು 15 ಯೂನಿಟ್ಟಿನಲ್ಲಿ 200 ಗಂಟೆ ತಿರುಗುವದು. ಅಂದರೆ, ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ತಿಂಗಳೆಲ್ಲಾ ರಾತ್ರಿಗೆ ಆರು ಗಂಟೆಗಿಂತ ಹೆಚ್ಚು ಕಾಲ ಕೂಸುಗಳು ಗಾಳಿಯಲ್ಲಿ ಮಲಗಬಹುದು. ಎರಡು ಹಳೆಯ ಬಲ್ಬುಗಳು ಸುಮ್ಮನೆ ತಿನ್ನುವದು ಈ ಗಾಳಿಯನ್ನೇ. ಇದಲ್ಲದೆ ಯಾವ ಯೂನಿಟ್ಟೂ ಬಿಟ್ಟಿಯಾಗಿ ಹುಟ್ಟುವದಿಲ್ಲ. ನಮ್ಮ ಜಿಲ್ಲೆಯ ಕುಡತಿನಿಯ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲನ್ನು ಸುಟ್ಟೇ ಅದನ್ನು ಮಾಡುವರು.

4. ಕೊಳ್ಳುವ ಬಗೆ

ಎಲ್ಲವನ್ನೂ ಒಂದೇ ದಿನ ಬದಲಿಸಬೇಕಾಗಿಲ್ಲ. ಹೆಚ್ಚು ಹೊತ್ತು ಉರಿಯುವ ದೀಪವನ್ನು ಮೊದಲು ಬದಲಿಸಿರಿ. ವ್ಯಾಟನ್ನು ಮಾತ್ರ ನೋಡದೆ, ಬೆಳಕಿನ ಅಳತೆಯಾದ ಲ್ಯೂಮೆನ್ ಎಷ್ಟೆಂದು ಡಬ್ಬಿಯ ಮೇಲೆ ಓದಿರಿ. 60 ವ್ಯಾಟಿನ ಹಳೆಯ ಬಲ್ಬಿಗೆ ಸರಿಯಾಗಿ ಸುಮಾರು 800 ಇರಬೇಕು. ಬಿ.ಐ.ಎಸ್. ಗುರುತಿಲ್ಲದ ಅಗ್ಗದ ಸರಕನ್ನು ಸಂತೆಯಲ್ಲಿ ಕೊಳ್ಳಬಾರದು. ರಸೀದಿಯನ್ನು ಕೇಳಿ ಇಟ್ಟುಕೊಳ್ಳಿರಿ. ಗ್ಯಾರಂಟಿಯ ಅವಧಿಯೊಳಗೆ ಕೆಟ್ಟರೆ ಬದಲಿ ಕೇಳುವದಕ್ಕೆ ಅದೇ ಆಧಾರ.

5. ಹಾಕುವಾಗಿನ ಎಚ್ಚರಿಕೆ

ಹಳೆಯ ಎರಡು ಪಿನ್ನಿನ ಹೋಲ್ಡರಿಗೆ ಹೊಸ ಬಲ್ಬು ಹೊಂದುವದು. ಮೆಯಿನ್ ಸ್ವಿಚ್ಚನ್ನು ಆರಿಸಿ, ಒಣಗಿದ ಕೈಯಿಂದ, ಮರದ ಮಣೆಯ ಮೇಲೆ ನಿಂತು ಹಾಕತಕ್ಕದ್ದು. ಟ್ಯೂಬ್‌ಲೈಟನ್ನು ಬದಲಿಸುವದಾದರೆ ಚೋಕನ್ನೂ ಸ್ಟಾರ್ಟರನ್ನೂ ತೆಗೆದು ತಂತಿಯನ್ನು ತಿರುಗಿಸಬೇಕಾಗಬಹುದು. ಅದನ್ನು ವೈರ್‌ಮನ್ನನಿಂದಲೇ ಮಾಡಿಸಿರಿ.

ಒಂದು ಮುಖ್ಯ ಸಂಗತಿ. ಸ್ವಿಚ್ಚು ಆರಿಸಿದ ಮೇಲೂ ಎಲ್‌ಇಡಿ ಮಿಣಮಿಣ ಅಂದರೆ ಅದು ದೆವ್ವದ ಚೇಷ್ಟೆಯಲ್ಲ. ಸ್ವಿಚ್ಚಿನಲ್ಲಿಯೇ ಸಣ್ಣ ದೀಪವಿದ್ದರೆ ಹಾಗಾಗುವದುಂಟು. ಅದಿಲ್ಲದಿದ್ದರೆ, ಸ್ವಿಚ್ಚನ್ನು ಫೇಸ್ ತಂತಿಗೆ ಬದಲಾಗಿ ನ್ಯೂಟ್ರಲ್ ತಂತಿಗೆ ಕೂಡಿಸಿರುವ ಸಂಭವವುಂಟು. ಆಗ ಸ್ವಿಚ್ಚು ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ತು ನಿಂತಿರುವದು. ಮುಟ್ಟಿದವನ ಪ್ರಾಣಕ್ಕೆ ಅಪಾಯ. ಹಳೆಯ ಬಲ್ಬು ಈ ತಪ್ಪನ್ನು ಮರೆಮಾಡಿತ್ತು, ಹೊಸದು ತೋರಿಸಿಕೊಡುವದು. ತಡಮಾಡದೆ ಸರಿಪಡಿಸಿಕೊಳ್ಳಿರಿ.

6. ತೆಗೆದ ದೀಪಗಳು

ಸಿಎಫ್‌ಎಲ್ ಬಲ್ಬಿನಲ್ಲಿಯೂ ಟ್ಯೂಬಿನಲ್ಲಿಯೂ ಸ್ವಲ್ಪ ಪಾದರಸವಿದೆ. ಮಕ್ಕಳ ಆಟಕ್ಕೆ ಕೊಡಬೇಡಿರಿ, ತಿಪ್ಪೆಗೆ ಹಾಕಬೇಡಿರಿ. ಒಡೆದರೆ ಬಾಗಿಲು ಕಿಟಕಿಗಳನ್ನು ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಪೊರಕೆಯಿಂದ ಗುಡಿಸದೆ ದಪ್ಪ ಕಾಗದದಿಂದ ಚೂರುಗಳನ್ನು ಎತ್ತಿ, ಒದ್ದೆ ಬಟ್ಟೆಯಿಂದ ಒರಸಿ, ಎಲ್ಲವನ್ನೂ ಮುಚ್ಚಳವುಳ್ಳ ಡಬ್ಬಿಯಲ್ಲಿ ಹಾಕಿರಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(1) ನಮ್ಮ ಮನೆಯಲ್ಲಿ ಹೆಚ್ಚು ಹೊತ್ತು ಉರಿಯುವ ದೀಪ ಯಾವದು? ಅದು ಎಷ್ಟು ವ್ಯಾಟಿನದು?

(2) ನಮ್ಮ ಬಿಲ್ಲಿನಲ್ಲಿ ಕಾಣುವ ಮಿತಿ ಎಷ್ಟು, ಕಳೆದ ತಿಂಗಳ ಬಳಕೆ ಎಷ್ಟು?

(3) ಸ್ವಿಚ್ಚು ಆರಿಸಿದ ಮೇಲೆ ಯಾವ ದೀಪವಾದರೂ ಮಿಣುಕುವದೋ?

ಓದಬಲ್ಲ ಮಗನಾಗಲಿ ಮಗಳಾಗಲಿ ಬಿಲ್ಲನ್ನು ಹಿಡಿದು ಹಿರಿಯರಿಗೆ ಓದಿಹೇಳಲಿ.