ಆಕ್ಸಿಡೆಂಟ್ ಆಯಿತೇ? ಕ್ಲೇಮ್ ಗೆಲ್ಲಲು ಎಂಟು ಸೂತ್ರಗಳು

ಕಲಬುರಗಿ ಜಿಲ್ಲೆಯ ಐನಾಪುರ, ಚಿಂಚೋಳಿ, ಸೇಡಂ, ವಾಡಿ ಕಡೆಯ ರಸ್ತೆಗಳು ನಿಮಗೆ ಗೊತ್ತು. ಸಿಮೆಂಟ್ ಲಾರಿ, ಶಹಾಬಾದ್ ಫರಸಿ ಹೊತ್ತ ಟಿಪ್ಪರ್, ತೊಗರಿ ತುಂಬಿದ ಟ್ರ್ಯಾಕ್ಟರ್, ಇವುಗಳ ನಡುವೆ ನಿಮ್ಮ ಕಾರು. ಗುದ್ದಿದ ಮೇಲೆ ಕೇಳಿಬರುವ ಮೊದಲ ಮಾತು, ‘ಇನ್ಶೂರೆನ್ಸ್‌ನವ್ರು ಎಲ್ಲಿ ಕೊಡ್ತಾರ್ರೀ?’ ಈ ಅನುಮಾನ ಬರೀ ಅಭ್ಯಾಸ. ಇವತ್ತೇ ಬಿಡಿ. ಪ್ರೀಮಿಯಂ ಕಟ್ಟಿದ್ದೀರಿ, ಹಕ್ಕಿನಿಂದ ಕೇಳಿ.

1. ಜಾಗ ಬಿಡುವ ಮೊದಲು ಫೋಟೋ ತೆಗೆಯಿರಿ.
ಗಾಯಾಳುಗಳಿದ್ದರೆ ಮೊದಲು 108ಕ್ಕೆ ಕರೆ. ನಂತರ ಎರಡೂ ಗಾಡಿ, ನಂಬರ್ ಪ್ಲೇಟ್, ಬ್ರೇಕ್ ಗುರುತು, ಹತ್ತಿರದ ಕಿಲೋಮೀಟರ್ ಕಲ್ಲು ಎಲ್ಲವೂ ಮೊಬೈಲ್‌ನಲ್ಲಿರಲಿ. ‘ಬಿಡ್ರಿ ಅಣ್ಣಾರ, ಇಲ್ಲೇ ಮುಗಸೋಣ’ ಎಂಬ ಮಾತಿಗೆ ಒಪ್ಪಬೇಡಿ. ಗಾಡಿ ಹೋದ ಮೇಲೆ ಸಾಕ್ಷಿಯೂ ಹೋಗುತ್ತದೆ.

2. ಅವತ್ತೇ ಕಂಪನಿಗೆ ತಿಳಿಸಿ.
ಫೋನ್ ಮಾಡಿ, ಕ್ಲೇಮ್ ನಂಬರ್ ಪಡೆಯಿರಿ. ಅದನ್ನೇ ಹಾಕಿ ಇಮೇಲ್ ಕಳಿಸಿ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯಬೇಡಿ, ನಾಲ್ಕು ಸಾಲು ಸಾಕು. ಫೋನಿನಲ್ಲಿ ಆಡಿದ ಮಾತಿಗೆ ನಿಮ್ಮ ಕೈಯಲ್ಲಿ ದಾಖಲೆ ಇರುವುದಿಲ್ಲ, ಇಮೇಲ್‌ಗೆ ತಾರೀಖು ಇರುತ್ತದೆ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ನಿಯಮದಂತೆ 24 ಗಂಟೆಯಲ್ಲಿ ನಷ್ಟ ಅಳೆಯುವ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ ಆಗಬೇಕು. ಸರ್ವೇಯರ್ ನೋಡುವವರೆಗೆ ಗ್ಯಾರೇಜಿನವರು ಒಂದು ಸ್ಕ್ರೂ ಕೂಡ ಬಿಚ್ಚಬಾರದು.

3. ಗಾಯವಾಗಿದ್ದರೆ ಠಾಣೆ, ಆಸ್ಪತ್ರೆ ಎರಡೂ ಕಡೆ ದಾಖಲಾಗಲಿ.
ಇಲ್ಲಿ ಸೋತವರೇ ಹೆಚ್ಚು. ಪೊಲೀಸ್ ಕೇಸ್ ಯಾಕೆ ಬೇಕು ಅಂದುಕೊಂಡು ‘ಮನ್ಯಾಗ ಬಿದ್ದಾನ್ರಿ’ ಎಂದು ಡಾಕ್ಟರ್ ಮುಂದೆ ಹೇಳಿಬಿಡುತ್ತಾರೆ. ಕೇಸ್ ಶೀಟ್‌ನಲ್ಲಿ ಅದೇ ಬರೆದಾಗುತ್ತದೆ. ಮುಂದೆ ಕೋರ್ಟಿನಲ್ಲಿ ಕಂಪನಿಯ ವಕೀಲರು ಮೊದಲು ಎತ್ತಿ ತೋರಿಸುವುದು ಆ ಒಂದು ಸಾಲನ್ನೇ. ‘ರಸ್ತೆ ಅಪಘಾತ’ ಎಂದೇ ಹೇಳಿ, ಎಂಎಲ್‌ಸಿ (ಆಸ್ಪತ್ರೆಯ ಮೆಡಿಕೋ-ಲೀಗಲ್ ದಾಖಲೆ) ಮಾಡಿಸಿ, ಎಫ್‌ಐಆರ್ ಪ್ರತಿ ಪಡೆಯಿರಿ. ಮೇ 2025ರಿಂದ ಕೇಂದ್ರದ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತವಾದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಕ್ಯಾಶ್‌ಲೆಸ್ ಚಿಕಿತ್ಸೆಗೂ ಅವಕಾಶವಿದೆ. ಕೌಂಟರಿನಲ್ಲಿ ಕೇಳಿ.

4. ಡ್ರೈವರ್ ಬದಲಿಸಬೇಡಿ.
ಲೈಸೆನ್ಸ್ ಇಲ್ಲದ ತಮ್ಮ ಓಡಿಸಿದ, ಫಾರ್ಮಿನಲ್ಲಿ ಅಣ್ಣನ ಹೆಸರು ಬಂತು. ಸಿಕ್ಕಿಬಿದ್ದರೆ ಕ್ಲೇಮ್ ಜೊತೆ ಮರ್ಯಾದೆಯೂ ಹೋಗುತ್ತದೆ. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವುದೂ ಅಷ್ಟೇ ಅಪಾಯ. ಪ್ರೈವೇಟ್ ಪಾಲಿಸಿ ಬಾಡಿಗೆ ಓಟವನ್ನು ಕವರ್ ಮಾಡುವುದಿಲ್ಲ.

5. ಎಸ್ಟಿಮೇಟ್ ಸಾಲು ಸಾಲಾಗಿ ಓದಿ.
ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ 50% ಸವಕಳಿ ಕಡಿತ, ಗಾಜಿಗೆ ಕಡಿತವಿಲ್ಲ. ಬಂಪರ್ 12,000 ಇದ್ದರೆ ಸವಕಳಿಯಲ್ಲೇ 6,000 ಹೋಗುತ್ತದೆ. ಸವಕಳಿ ಕಡಿಯದ ‘ಜೀರೋ ಡೆಪ್’ ಕವರ್ ಇದ್ದರೆ ಈ ಹೊಡೆತ ತಪ್ಪುತ್ತದೆ. ಸಣ್ಣ ಗೀರಿಗೆ ಕ್ಲೇಮ್ ಹಾಕಿ 50% ತನಕ ಸಿಗುವ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳಬೇಡಿ. ಮೊದಲು ಲೆಕ್ಕ, ಆಮೇಲೆ ಫಾರ್ಮ್.

6. ತೆಲಂಗಾಣ ಲಾರಿ ಎಂದು ಕೈಚೆಲ್ಲಬೇಡಿ.
ಗುದ್ದಿದ್ದು ತಾಂಡೂರಿನ ಲಾರಿಯೇ? ಗಾಯಕ್ಕೆ ಪರಿಹಾರ ಕೇಳುವ ಎಂವಿಸಿ (ಮೋಟಾರು ವಾಹನ ಪರಿಹಾರ) ಕೇಸ್ ಹಾಕಲು ಹೈದರಾಬಾದಿಗೆ ಅಲೆಯಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಕಲಬುರಗಿಯಲ್ಲೇ ಹಾಕಬಹುದು. ಕಾಯ್ದೆಯ ಗಡುವು 6 ತಿಂಗಳು. ಆ ಗಡುವಿನ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ತಕರಾರು ನಡೆದಿದೆ ನಿಜ. ಅದನ್ನು ನಂಬಿ ಕೂರಬೇಡಿ.

7. ಕಂಪನಿಯವರು ಹೇಳುವ ಮೊದಲ ಅಂಕಿಗೆ ಸಹಿ ಹಾಕಬೇಡಿ.
ನಿಮ್ಮ ಅಂಕಿ ನೀವೇ ತೆಗೆಯಿರಿ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ ಪರಿಹಾರದ ಲೆಕ್ಕಕ್ಕೆ ವಯಸ್ಸಿಗೆ ತಕ್ಕ ಗುಣಕ ನಿಗದಿ ಮಾಡಿದೆ. 26ರಿಂದ 30 ವಯಸ್ಸಿಗೆ 17. ತಿಂಗಳಿಗೆ 20,000 ದುಡಿಯುವ 28ರ ಹುಡುಗನ ದುಡಿಮೆ ಶಕ್ತಿ 20% ಕುಂದಿತು ಎನ್ನೋಣ. ವರ್ಷಕ್ಕೆ 2,40,000, ಗುಣಿಸು 17, ಅದರ 20% ಅಂದರೆ 8,16,000. ಆಸ್ಪತ್ರೆ ಬಿಲ್, ಕೆಲಸ ತಪ್ಪಿದ ದಿನಗಳ ಸಂಬಳ, ಮುಂದೆ ಹೆಚ್ಚಬಹುದಾದ ಆದಾಯ, ನೋವಿನ ಪರಿಹಾರ ಬೇರೆ. ಈ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಲಕ್ಷವೇ ದೊಡ್ಡದಾಗಿ ಕಾಣುತ್ತದೆ. ಆದಾಯಕ್ಕೆ ಪುರಾವೆಯೂ ಬೇಕು. ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸವೇ? ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್ ಇವತ್ತೇ ತೆಗೆಸಿಡಿ. ಲೋಕ ಅದಾಲತ್‌ನಲ್ಲಿ ರಾಜಿಯಾಗುವುದು ಒಳ್ಳೆಯದೇ, ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ. ‘ಪೂರ್ತಿ ಹಣ ಬಂತು’ ಎಂದು ಬರೆಸಿಕೊಳ್ಳುವ ಡಿಸ್ಚಾರ್ಜ್ ವೋಚರನ್ನು ಖಾಲಿಯಾಗಿ ಮುಂದಿಟ್ಟರೆ ಪೆನ್ನು ಜೇಬಿಗೆ ಹಾಕಿ.

8. ರಿಜೆಕ್ಟ್ ಆದರೆ ಕಾರಣವನ್ನು ಬರಹದಲ್ಲಿ ಕೇಳಿ.
ಪಾಲಿಸಿಯ ಯಾವ ಷರತ್ತು ಎಂದು ತೋರಿಸಲಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಿ. ಫೀ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಇದು ನಿಮ್ಮ ಸ್ವಂತ ಪಾಲಿಸಿಯ ಜಗಳಕ್ಕೆ ಮಾತ್ರ, ಲಾರಿಯವನ ಕಂಪನಿ ಮೇಲಿನ ಕೇಸ್‌ಗೆ ಅಲ್ಲ. ಐಆರ್‌ಡಿಎಐ ಸಹಾಯವಾಣಿ 155255. ಪಾಲಿಸಿ ನಂಬರ್ ಜೊತೆಗೆ ಇದನ್ನೂ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.