ಗಡ್ಡೆಯೊಳಗಿನ ರಕ್ತನಾಳಗಳು ಮತ್ತು ಲಿಂಫೋಮಾ ಚಿಕಿತ್ಸೆ

ದುಗ್ಧರಸ ಗ್ರಂಥಿಗಳು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯ ಮುಖ್ಯ ಅಂಗಗಳು. ಈ ವ್ಯವಸ್ಥೆಗೆ ಸೇರಿದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಅಂಕೆಮೀರಿ ವೃದ್ಧಿಸಿದಾಗ ಉಂಟಾಗುವ ಕ್ಯಾನ್ಸರೇ ಲಿಂಫೋಮಾ. ಇದರ ಹಲವು ಬಗೆಗಳು ಔಷಧಿಗೆ ಚೆನ್ನಾಗಿ ಮಣಿಯುತ್ತವೆ. ಆದರೂ ಒಂದೇ ಚಿಕಿತ್ಸೆಯಿಂದ ಒಬ್ಬ ರೋಗಿಯು ಗುಣಮುಖನಾದರೆ, ಇನ್ನೊಬ್ಬನಲ್ಲಿ ರೋಗವು ಮರುಕಳಿಸುವುದುಂಟು. ಇದರ ಕಾರಣಗಳನ್ನು ಅರಸುವ ವಿಜ್ಞಾನಿಗಳ ಗಮನವು ಗಡ್ಡೆಯೊಳಗಿನ ರಕ್ತನಾಳಗಳತ್ತಲೂ ಹರಿದಿದೆ.

ರಕ್ತನಾಳಗಳಿಗೆ ಏಕೆ ಮಹತ್ವ?

ಹೊಸ ರಕ್ತನಾಳಗಳಿಲ್ಲದೆ ಗಡ್ಡೆಯು ಕೆಲವೇ ಮಿಲಿಮೀಟರುಗಳನ್ನು ಮೀರಿ ಬೆಳೆಯಲಾರದೆಂಬ ವಾದವನ್ನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದರು. ಗಡ್ಡೆಯ ಜೀವಕೋಶಗಳು ವಿ.ಇ.ಜಿ.ಎಫ್. ಮೊದಲಾದ ಪ್ರೋಟೀನುಗಳನ್ನು ಸ್ರವಿಸಿ, ನೆರೆಯ ನಾಳಗಳಿಂದ ಹೊಸ ಕವಲುಗಳು ಚಿಗುರುವಂತೆ ಮಾಡುತ್ತವೆ. ಬಯಾಪ್ಸಿಯಲ್ಲಿ ತೆಗೆದ ಅಂಗಾಂಶಕ್ಕೆ ವಿಶೇಷ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಗೊತ್ತಾದ ವಿಸ್ತೀರ್ಣದೊಳಗಿನ ಕಿರುನಾಳಗಳನ್ನು ಎಣಿಸಿದಾಗ ದೊರೆಯುವುದೇ ರಕ್ತನಾಳ ಸಾಂದ್ರತೆ.

ನಾಳ ಹೆಚ್ಚಿದ್ದರೆ ಔಷಧಿ ಹೆಚ್ಚು ತಲುಪುವುದೇ?

ಔಷಧಿಯೂ ರಕ್ತದ ಮೂಲಕವೇ ಸಾಗುವುದರಿಂದ ಹಾಗೆಂದು ತೋರುವುದು ಸಹಜ. ಆದರೆ ಗಡ್ಡೆಯ ನಾಳಗಳು ಆತುರದಲ್ಲಿ ತೋಡಿದ ಕಾಲುವೆಗಳಂತೆ ಅಂಕುಡೊಂಕಾಗಿರುತ್ತವೆ, ಸೋರುತ್ತವೆ. ಸೋರಿದ ದ್ರವದಿಂದ ಒಳಗಿನ ಒತ್ತಡ ಏರಿ, ಔಷಧಿಯು ಎಲ್ಲೆಡೆ ಸಮನಾಗಿ ಹರಡುವುದಿಲ್ಲ. ಆಮ್ಲಜನಕ ಕಡಿಮೆಯಿರುವ ಭಾಗದ ಕೋಶಗಳು ಚಿಕಿತ್ಸೆಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಆದುದರಿಂದ ನಾಳಗಳ ಸಂಖ್ಯೆಯಷ್ಟೇ ಅವುಗಳ ಗುಣವೂ ಮುಖ್ಯ.

ಲಿಂಫೋಮಾದಲ್ಲಿ ಈ ಎಣಿಕೆಗೂ ಚಿಕಿತ್ಸೆಯ ಫಲಕ್ಕೂ ಇರುವ ಸಂಬಂಧದ ಬಗ್ಗೆ ಅಧ್ಯಯನಗಳು ಒಂದೇ ಉತ್ತರವನ್ನು ನೀಡಿಲ್ಲ. ದೊಡ್ಡ ಬಿ-ಕೋಶಗಳ ಲಿಂಫೋಮಾದ ರೂಢಿಯ ಚಿಕಿತ್ಸೆಯೊಡನೆ, ನಾಳಗಳ ಬೆಳವಣಿಗೆಯನ್ನು ತಡೆಯುವ ಬೆವಾಸಿಝುಮ್ಯಾಬ್ ಔಷಧಿಯನ್ನೂ ಕೊಟ್ಟು ನೋಡಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹೃದಯದ ತೊಂದರೆಗಳು ಮಾತ್ರ ಹೆಚ್ಚಿದವು.

ನೆನಪಿಡಬೇಕಾದ ಅಂಶಗಳು

ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಕರಗದೆ ಉಳಿದರೆ, ಬಿಡದ ಜ್ವರ, ರಾತ್ರಿಯಲ್ಲಿ ವಿಪರೀತ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ವೈದ್ಯರನ್ನು ಕಾಣಬೇಕು. ಕ್ಷಯರೋಗದಲ್ಲಿಯೂ ಇಂಥವೇ ಲಕ್ಷಣಗಳಿರುವುದರಿಂದ, ಪರೀಕ್ಷೆಯಿಲ್ಲದೆ ಊಹೆಯ ಮೇಲೆ ಔಷಧಿ ನುಂಗುತ್ತ ಕಾಲ ಕಳೆಯುವುದು ಅಪಾಯಕರ. ಸೂಜಿ ಪರೀಕ್ಷೆಯೊಂದೇ ಅನೇಕ ವೇಳೆ ಸಾಲದು. ಗ್ರಂಥಿಯನ್ನು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದರೆ ಹಿಂಜರಿಯಬಾರದು. ಚಿಕಿತ್ಸೆಯ ನಡುವೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗಂಟು ಕರಗಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಲೇಬಾರದು. ಕಣ್ಣಿಗೆ ಕಾಣದ ಕೋಶಗಳು ಇನ್ನೂ ಉಳಿದಿರಬಹುದು.