ಗಂಡನ ಹೆಸರು ಯಾವ ಕಾಗದಕ್ಕೆ ಬೇಕು?

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ತಯಾರಿಸಲು ಮನೆಮನೆಗೆ ಹೋದ ಸಿಬ್ಬಂದಿಗೆ ಉತ್ತರದ ಹಲವು ರಾಜ್ಯಗಳಲ್ಲಿ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಅದು ಸಾಲದು, ಸ್ವಂತ ಹೆಸರು ಬೇಕೇ ಬೇಕು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟುಹಿಡಿದರು. ಕಡೆಗೂ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಬಿದ್ದರು. 1951-52ರಲ್ಲಿ ಅವರಿಗೆ ಮತವೇ ಇರಲಿಲ್ಲ.

ಓದುಬರಹ ಬಲ್ಲವರಲ್ಲೂ ಈ ರೂಢಿ ಗಟ್ಟಿಯಾಗಿತ್ತು. 1930ರ ದಶಕದಲ್ಲಿ ದಿಟ್ಟ ಕತೆಗಳನ್ನು ಬರೆದ ಕೊಡಗಿನ ಗೌರಮ್ಮ ಪತ್ರಿಕೆಗಳಲ್ಲಿ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಆಗಿ ಕಾಣಿಸಿಕೊಂಡರು. ಅದು ಪತಿ ಬಿ.ಟಿ. ಗೋಪಾಲಕೃಷ್ಣರ ಹೆಸರು. ಲಗ್ನಪತ್ರಿಕೆಯ ಲಕೋಟೆಯ ಮೇಲೆ ‘ಶ್ರೀಮತಿ ಮತ್ತು ಶ್ರೀ’ ಎಂದು ಬರೆದು ಗಂಡನ ಹೆಸರೊಂದನ್ನೇ ಹಾಕುವವರು ಈಗಲೂ ಇದ್ದಾರೆ.

ಇಂಗ್ಲೆಂಡಿನಲ್ಲಿ ಈ ಸಂಬೋಧನೆಯ ಬೆನ್ನಿಗೆ ಕಾನೂನೇ ಇತ್ತು. ಮದುವೆಯಾದ ಹೆಣ್ಣಿನ ಕಾನೂನಾತ್ಮಕ ಅಸ್ತಿತ್ವ ಗಂಡನಲ್ಲಿ ಲೀನವಾಗುತ್ತದೆ ಎಂದು ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ 1765ರಲ್ಲಿ ವಿವರಿಸಿದ್ದ. ಅವಳ ಹೆಸರಲ್ಲಿ ಆಸ್ತಿಯಿಲ್ಲ, ಕರಾರಿಲ್ಲ. 1882ರ ಕಾಯಿದೆ ಅವಳಿಗೆ ಸ್ವಂತ ಆಸ್ತಿಯ ಹಕ್ಕು ಕೊಟ್ಟಿತು. ಲಕೋಟೆಯ ಬರಹ ಮಾತ್ರ ಹಾಗೇ ಉಳಿಯಿತು.

ಜಪಾನಿನ ನಾಗರಿಕ ಸಂಹಿತೆಯ 750ನೇ ವಿಧಿ ದಂಪತಿಗೆ ಒಂದೇ ಕುಲನಾಮವನ್ನು ಕಡ್ಡಾಯ ಮಾಡಿದೆ. ಭಾರತದಲ್ಲಿ ಅಂಥ ಕಾನೂನು ಇಲ್ಲ. ಮದುವೆ ನೋಂದಣಿಯಾದ ಮಾತ್ರಕ್ಕೆ ಹೆಣ್ಣಿನ ಹೆಸರು ಬದಲಾಗುವುದಿಲ್ಲ. ಹೆಸರು ವ್ಯಕ್ತಿಯ ಗುರುತಿನ ಭಾಗ, ಅದಕ್ಕೆ ಸಂವಿಧಾನದ 19(1)(ಎ) ವಿಧಿಯ ರಕ್ಷಣೆಯಿದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಜಿಗ್ಯಾ ಯಾದವ್ ಪ್ರಕರಣದಲ್ಲಿ ಹೇಳಿದೆ. ಪಹಣಿಯಲ್ಲಿ ‘ಕೋಂ’ ಎಂದು ಬರೆದು ಗಂಡನ ಹೆಸರು ಸೇರಿಸುವುದು ಇಂಥ ವ್ಯಕ್ತಿ ಇವರೇ ಎಂದು ಗುರುತಿಸಲಿಕ್ಕೆ; ಅದು ಆಕೆಯ ಹೆಸರಿನ ಭಾಗವಲ್ಲ.

ಹೊಸ ಮದುಮಗಳಿಗೆ ಮನೆಯವರು, ಏಜೆಂಟರು ಎಲ್ಲ ಕಾಗದಗಳಲ್ಲೂ ಹೆಸರು ತಿದ್ದಿಸಿಬಿಡು ಎನ್ನುವುದುಂಟು. ಆ ಅವಸರ ಬೇಕಿಲ್ಲ. ಪ್ಯಾನ್ ಅರ್ಜಿಯಲ್ಲಂತೂ ಗಂಡನ ಹೆಸರಿಗೆ ಜಾಗವೇ ಇಲ್ಲ: ಮದುವೆಯಾದವರೂ ತಂದೆಯ ಹೆಸರನ್ನೇ ಬರೆಯಬೇಕು, ತಾಯಿಯೊಬ್ಬರೇ ಪೋಷಕರಾಗಿದ್ದರೆ 2018ರ ಡಿಸೆಂಬರಿನಿಂದ ತಾಯಿಯ ಹೆಸರು ಸಾಕು. ಪಾಸ್‌ಪೋರ್ಟ್ ಅರ್ಜಿಗೆ ವಿವಾಹ ಪ್ರಮಾಣಪತ್ರ ಲಗತ್ತಿಸಬೇಕೆಂಬ ನಿಯಮ 2016ರ ಡಿಸೆಂಬರಿನಲ್ಲೇ ಹೋಯಿತು. ಬೇರೆಯಾಗಿರುವವರು, ವಿಚ್ಛೇದನ ಪಡೆದವರು ಗಂಡನ ಹೆಸರು ಕೊಡಬೇಕಿಲ್ಲ. ಗಂಡನ ಊರಿಗೆ ಮತ ವರ್ಗಾಯಿಸಲು ನಮೂನೆ 8 ತುಂಬಿದರಾಯಿತು. ಸಂಬಂಧಿಯ ಕಾಲಂನಲ್ಲಿ ತಂದೆ ಅಥವಾ ತಾಯಿಯ ಹೆಸರನ್ನೂ ಬರೆಯಬಹುದು.

ಇಷ್ಟಪಟ್ಟು ಬದಲಿಸಿಕೊಳ್ಳುವವರಿಗೂ ಅಡ್ಡಿಯಿಲ್ಲ. ಗಂಡನ ಕುಲನಾಮ ಸೇರಿಸಲು ಸಾಮಾನ್ಯವಾಗಿ ಬ್ಯಾಂಕಿನಂಥ ಕಡೆ ವಿವಾಹ ಪ್ರಮಾಣಪತ್ರ ಸಾಕಾಗುತ್ತದೆ. ಹೆಸರನ್ನೇ ಪೂರ್ತಿ ಬದಲಿಸುವುದಾದರೆ ನೋಟರಿ ಮುಂದೆ ಅಫಿಡವಿಟ್, ಪತ್ರಿಕಾ ಪ್ರಕಟಣೆ, ಗೆಜೆಟ್ ಎಂದು ಓಡಾಟ ಹೆಚ್ಚು.

ತೊಡಕು ಬರುವುದು ಹೆಚ್ಚಾಗಿ ತವರಿನ ಆಸ್ತಿಯಲ್ಲಿ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಅದು ಹುಟ್ಟಿನಿಂದ ಬಂದ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು ಹೆಸರಿದ್ದರೆ ಮಗಳು ಇವಳೇ ಎಂದು ತೋರಿಸುವ ಹೊರೆ ಅವಳ ಮೇಲೆ ಬೀಳುತ್ತದೆ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ವಿವಾಹ ಪ್ರಮಾಣಪತ್ರದೊಂದಿಗೆ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಅಣ್ಣತಮ್ಮಂದಿರು ತಕರಾರು ತೆಗೆದ ಮೇಲೆ ಹುಡುಕಾಡುವಂತಾಗಬಾರದು.

ತವರಿನ ಹೆಸರಿಗೆ ಮರಳುವ ದಾರಿಯಲ್ಲೂ ತೊಡಕಿತ್ತು. ಅದಕ್ಕೆ ವಿಚ್ಛೇದನದ ಡಿಕ್ರಿ ಇಲ್ಲವೇ ಗಂಡನ ನಿರಾಕ್ಷೇಪಣಾ ಪತ್ರ ತರಬೇಕೆಂಬ ಕೇಂದ್ರದ ಅಧಿಸೂಚನೆಯನ್ನು ಮಹಿಳೆಯೊಬ್ಬರು 2024ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು, ಕೋರ್ಟ್ ಕೇಂದ್ರಕ್ಕೆ ನೋಟಿಸ್ ಕೊಟ್ಟಿತು. ಹೆಸರು ಬದಲಿಸಲು ಗೆಜೆಟ್‌ಗೆ ಅರ್ಜಿ ಹಾಕುವ ಮುನ್ನ ಹೆಣ್ಣುಮಕ್ಕಳು ಈ ಷರತ್ತು ಈಗಲೂ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು.